ತೊಳೆದರೂ ಹೋಗದ ಗೆರೆಗಳು

“ಇವನ್ನ ತೊಳೆದೋರು ಯಾರು?”

ಇಂಜಿನಿಯರ್ ಕೂಗಿದ್ದು ಶೆಡ್ಡಿನ ತಗಡಿಗೆ ಬಡಿದು ಎರಡು ಸಲ ಕೇಳಿಸಿತು.

ಒಳಗೆ ಹದಿನೇಳು ಕಲ್ಲುಗಳಿದ್ದವು. ಒಂದೊಂದೂ ದೊಡ್ಡ ಸೂಟ್‌ಕೇಸಿನಷ್ಟಿತ್ತು. ನಿನ್ನೆ ಬೆಳಿಗ್ಗೆಯವರೆಗೆ ಎಲ್ಲದರ ಮೇಲೂ ಚಾಕ್‌ಪೀಸಿನಲ್ಲಿ ಬರೆದ ನಂಬರ್ ಇತ್ತು. ಈಗ ಒಂದೂ ಇರಲಿಲ್ಲ. ಕಲ್ಲುಗಳು ಆಗಷ್ಟೇ ಸ್ನಾನ ಮುಗಿಸಿ ಬಂದವರಂತೆ ಕೂತಿದ್ದವು.

ಬಾಗಿಲ ಹಿಂದೆ ಹುಡುಗಿಯೊಬ್ಬಳು ಸ್ಕೂಲ್ ಬ್ಯಾಗ್ ಹೊತ್ತು ನಿಂತಿದ್ದಳು. ಕ್ಲಾಸಿನಲ್ಲಿ ಎಲ್ಲರೂ ಅವಳನ್ನು ಸೋಪಮ್ಮ ಅಂತಲೇ ಕರೆಯುತ್ತಿದ್ದರು. ಕೂರುವ ಮೊದಲು ಬೆಂಚು ಒರೆಸುವವಳು, ಪಕ್ಕದವರ ವಾಟರ್ ಬಾಟಲಿಯನ್ನೂ ತೊಳೆದುಕೊಡುವವಳು ಅವಳೊಬ್ಬಳೇ.

ಅವಳ ಅಮ್ಮ ಅಲ್ಲಿ ಕಲ್ಲಿನ ಮೇಸ್ತ್ರಿ. ಎರಡು ಸಾವಿರ ವರ್ಷ ಹಳೆಯ ಊರೊಂದರ ಹೆಬ್ಬಾಗಿಲು ಕುಸಿದು, ಅದರ ಕಮಾನಿನ ಕಲ್ಲುಗಳು ಮಣ್ಣಿನಡಿ ಹೂತುಹೋಗಿದ್ದವು. ಅವನ್ನು ತೆಗೆದು, ಎರಡೆರಡನ್ನೇ ಮರಳಿನ ಮೇಲೆ ಜೋಡಿಸಿ, ಯಾವುದರ ಪಕ್ಕ ಯಾವುದು ಕೂರುತ್ತದೆ ಅಂತ ಪತ್ತೆ ಮಾಡಲು ಅಮ್ಮನಿಗೆ ಪೂರಾ ಒಂದು ತಿಂಗಳು ಹಿಡಿದಿತ್ತು. ಹಳೆಯ ಕಲ್ಲಿಗೆ ಪೇಂಟ್ ತಾಗಿಸುವಂತಿಲ್ಲ. ಅದಕ್ಕೇ ಚಾಕ್‌ಪೀಸು. ನಂಬರ್‌ಗಳನ್ನು ಪುಸ್ತಕಕ್ಕೆ ಇಳಿಸಿ, ಫೋಟೋ ತೆಗೆಯುವ ಕೆಲಸ ಇವತ್ತು ಆಗಬೇಕಿತ್ತು.

“ತಾತ, ಭಾನುವಾರ ಕಾವಲಿಗಿದ್ದೋನು ನೀನು. ನಿದ್ದೆ ಹೊಡೀತಿದ್ದೆಯಾ?” ಇಂಜಿನಿಯರ್ ಕೇಳಿದರು.

ಕಾವಲುಗಾರ ತಾತ ಟೋಪಿ ತೆಗೆದು ಕೈಯಲ್ಲಿ ತಿರುಗಿಸತೊಡಗಿದ. “ಇಲ್ಲ ಸಾರ್... ನಾನು ಗೇಟಿನ ಹತ್ರ...”

“ಕ್ರೇನ್ ಇರೋದು ಶನಿವಾರದ ತನಕ. ಆಮೇಲೆ ಅದು ಬೇರೆ ಕೆಲಸಕ್ಕೆ ಹೋಗುತ್ತೆ. ಇನ್ನೊಂದು ವರ್ಷ ಈ ಕಮಾನು ನೆಲದ ಮೇಲೇ! ನಿನ್ನಿಂದ!”

ತಾತನ ಟೋಪಿ ಇನ್ನೂ ಜೋರಾಗಿ ತಿರುಗಿತು. ಹುಡುಗಿಗೆ ಅದನ್ನು ನೋಡಲಾಗಲಿಲ್ಲ.

“ತಾತ ಅಲ್ಲ. ನಾನು,” ಅಂದಳು.

ಎಲ್ಲರೂ ತಿರುಗಿದರು. ಅಮ್ಮನೂ.

“ಏನು ಹಾಕಿ ತೊಳೆದೆ? ಸೋಪಾ?” ಇಂಜಿನಿಯರ್ ಬಗ್ಗಿ ಕಲ್ಲಿನ ಮೇಲೆ ಬೆರಳಾಡಿಸಿದರು.

“ಇಲ್ಲ ಸರ್. ಬರೀ ನೀರು. ಮತ್ತೆ... ಹಳೇ ಟೂತ್‌ಬ್ರಷ್.”

“ಸದ್ಯ, ಬದುಕಿದ್ವಿ!” ಅಂದ ಕ್ರೇನ್ ಡ್ರೈವರ್. “ಪೌಡರ್ ಹಚ್ಚಿ ತಲೆ ಬಾಚಲಿಲ್ವಲ್ಲ!”

ಯಾರೂ ನಗಲಿಲ್ಲ.

ಅಮ್ಮ ಬೈಯಲೂ ಇಲ್ಲ. ಅದೇ ಹೆಚ್ಚು ಕಷ್ಟವಾಯಿತು. “ಯಾಕೆ ಮಗಳೇ?” ಅಂತಷ್ಟೇ ಕೇಳಿದಳು.

“ಶನಿವಾರ ಎಲ್ಲರೂ ನೋಡೋಕೆ ಬರ್ತಾರಲ್ಲ, ಕ್ಲೀನಾಗಿರಲಿ ಅಂತ. ನಂಬರ್ ಎಲ್ಲಾ ಪುಸ್ತಕಕ್ಕೆ ಬರ್ಕೊಂಡು ಆಗಿದೆ ಅಂದ್ಕೊಂಡೆ. ನಾವು ಸ್ಲೇಟು ಒರೆಸ್ತೀವಲ್ಲ, ಹಾಗೆ.” ಅವಳ ಕಣ್ಣು ತುಂಬಿಕೊಂಡಿತು. “ಸಾರಿ ಅಮ್ಮ. ಎಲ್ಲಾ ಹೋಯ್ತು. ಪಕ್ಕದಲ್ಲಿರೋ ಗೆರೆಗಳು ಮಾತ್ರ ಎಷ್ಟು ಉಜ್ಜಿದ್ರೂ ಹೋಗಲೇ ಇಲ್ಲ.”

ಅಮ್ಮ ತಲೆಯೆತ್ತಿದಳು. “ಯಾವ ಗೆರೆ?”

ಹುಡುಗಿ ಒಂದು ಕಲ್ಲಿನ ಪಕ್ಕ ಮಂಡಿಯೂರಿ ತೋರಿಸಿದಳು. ಕಮಾನು ಕಟ್ಟಿದಾಗ ಇನ್ನೊಂದು ಕಲ್ಲಿಗೆ ಅಂಟಿಕೊಂಡು ಮರೆಯಾಗುವ ಮುಖ ಅದು. ಅದನ್ನು ತೊಳೆಯುವುದು ಕಲ್ಲು ಕೂರಿಸುವ ಹಿಂದಿನ ದಿನ ಮಾತ್ರ. ಅಲ್ಲಿಯವರೆಗೆ ಅಲ್ಲಿನ ಗಟ್ಟಿ ಮಣ್ಣನ್ನು ಯಾರೂ ಮುಟ್ಟುವುದಿಲ್ಲ. ಈಗ ಆ ಮಣ್ಣು ಇರಲಿಲ್ಲ.

ಅಮ್ಮ ಟಾರ್ಚ್ ತೆಗೆದು ಕಲ್ಲಿನ ಮೈಗೆ ಓರೆಯಾಗಿ ಬೆಳಕು ಬಿಟ್ಟಳು. ತೆಳುವಾದ ಮೂರು ಗೆರೆಗಳು ಎದ್ದು ಬಂದವು. ಉಳಿಯಿಂದ ಕೊರೆದ ಗೆರೆಗಳು.

“ಸಾರ್,” ಅಮ್ಮನ ದನಿ ಸಣ್ಣಗಾಗಿತ್ತು. “ಇದು ಬಿರುಕಲ್ಲ. ಕಟ್ಟಿದೋರು ಮಾಡಿರೋ ಗುರುತು.”

ಇಂಜಿನಿಯರ್ ಪ್ಯಾಂಟಿನ ಇಸ್ತ್ರಿ ಮರೆತು ನೆಲದಲ್ಲಿ ಕೂತೇಬಿಟ್ಟರು. ಒಂದು ಕಲ್ಲಿಗೆ ಒಂದು ಗೆರೆ. ಇನ್ನೊಂದಕ್ಕೆ ನಾಲ್ಕು. ಮತ್ತೊಂದಕ್ಕೆ ಕೊಕ್ಕೆಯಂಥ ಗುರುತು. ಅದರ ಪಕ್ಕದ್ದಕ್ಕೆ ಕೊಕ್ಕೆ, ಜೊತೆಗೆ ಎರಡು ಗೆರೆ.

“ಈ ಕೊಕ್ಕೆ ಏನು? ಕಲ್ಲು ಕೊಟ್ಟೋನ ಹೆಸರಿರಬೇಕು,” ಅಂದರು ಇಂಜಿನಿಯರ್.

ಹುಡುಗಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎಲ್ಲವನ್ನೂ ಬರೆದುಕೊಂಡಳು. ಒಂದು, ಎರಡು, ಮೂರು, ನಾಲ್ಕು ಗೆರೆ. ಐದು ಗೆರೆಯ ಕಲ್ಲು ಎಲ್ಲೂ ಇಲ್ಲ.

“ಸರ್, ಕೊಕ್ಕೆ ಅಂದ್ರೆ ಐದು! ಕೊಕ್ಕೆ ಮತ್ತೆ ಒಂದು ಗೆರೆ ಅಂದ್ರೆ ಆರು. ಹೀಗೇ ಎಂಟರ ತನಕ ಹೋಗುತ್ತೆ.”

“ಹಾಗಾದ್ರೆ ಒಂದೊಂದು ನಂಬರಿಗೂ ಎರಡೆರಡು ಕಲ್ಲು ಯಾಕಿವೆ?”

“ಒಂದಕ್ಕೆ ಪುಟ್ಟ ಸೊನ್ನೆ ಇದೆ, ಇನ್ನೊಂದಕ್ಕೆ ಇಲ್ಲ. ಒಂದು ಎಡಗಡೆದು, ಒಂದು ಬಲಗಡೆದು ಅಲ್ವಾ?”

ಎಡಕ್ಕೆ ಎಂಟು, ಬಲಕ್ಕೆ ಎಂಟು. ಹದಿನೇಳನೆಯದರ ಮೇಲೆ ಗುರುತೇ ಇರಲಿಲ್ಲ.

“ಅದು ನೆತ್ತಿಗಲ್ಲು,” ಅಮ್ಮ ನಕ್ಕಳು. “ನಟ್ಟನಡುವೆ ಮೇಲೆ ಕೂರೋದು. ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ನಂಬರ್ ಯಾಕೆ, ನೋಡಿದ್ರೇ ಗೊತ್ತಾಗುತ್ತೆ.”

ಆದರೆ ಇಂಜಿನಿಯರ್ ಬರೀ ಮಾತಿಗೆ ಒಪ್ಪುವವರಲ್ಲ. “ಜೋಡಿಸಿ ತೋರಿಸಿ. ಆಮೇಲೆ ನಂಬ್ತೀನಿ.”

ಮಧ್ಯಾಹ್ನದ ಹೊತ್ತಿಗೆ ಅಂಗಳದ ಮರಳಿನ ಮೇಲೆ ಕಮಾನು ಮಲಗಿತ್ತು. ಶಾಲೆ ಬಿಟ್ಟ ಕೂಡಲೇ ಹುಡುಗಿ ಓಡಿ ಬಂದಾಗ, ಅಮ್ಮ ಎಡಗಡೆಯ ಆರು ಮತ್ತು ಏಳನೆಯ ಕಲ್ಲುಗಳ ನಡುವೆ ಕಾಗದದ ಚೂರು ತೂರಿಸಲು ನೋಡುತ್ತಿದ್ದಳು. ಅದು ಒಳಗೆ ಹೋಗಲಿಲ್ಲ.

“ನಾನು ಇವೆರಡನ್ನ ಅದಲು ಬದಲು ಮಾಡಿದ್ದೆ, ಸಾರ್,” ಅಮ್ಮ ಎಲ್ಲರ ಮುಂದೆಯೇ ಹೇಳಿದಳು. “ಬೆರಳಗಲ ಸಂದು ಬರ್ತಿತ್ತು. ಕಲ್ಲು ಸವೆದಿದೆ ಅಂದ್ಕೊಂಡಿದ್ದೆ. ಹಾಗೇ ಕಟ್ಟಿದ್ರೆ...”

“ಕಟ್ಟಿದ್ರೆ ನನ್ನ ತಲೆ ಮೇಲೆ ಬೀಳ್ತಿತ್ತು,” ಅಂದ ಕ್ರೇನ್ ಡ್ರೈವರ್. “ಸೋಪಮ್ಮಾ, ನಾಳೆ ನನ್ನ ಕ್ರೇನ್ ತೊಳಿ. ಅದರಲ್ಲೂ ಏನಾದ್ರೂ ಸಿಗಬಹುದು.”

ಈ ಸಲ ಎಲ್ಲರೂ ನಕ್ಕರು. ಇಂಜಿನಿಯರ್ ಕಾವಲುಗಾರ ತಾತನ ಹತ್ತಿರ ಹೋಗಿ, “ತಪ್ಪು ತಿಳ್ಕೊಂಡೆ ತಾತ,” ಅಂದರು. ತಾತ ಟೋಪಿ ಹಾಕಿಕೊಂಡ.

ಸಂಜೆ ಪುಸ್ತಕಕ್ಕೆ ನಂಬರ್‌ಗಳನ್ನು ಇಳಿಸಿದವಳು ಹುಡುಗಿಯೇ. ಪೆನ್ನಿನಲ್ಲಿ.

ಶನಿವಾರ ಬೆಳಿಗ್ಗೆ ಎಡಗಡೆಯ ಏಳನೆಯ ಕಲ್ಲಿಗೆ ಕ್ರೇನಿನ ಪಟ್ಟಿ ಕಟ್ಟುತ್ತಿದ್ದರು. ಹುಡುಗಿ ಕೊನೆಯ ಸಲ ಅದರ ಪಕ್ಕವನ್ನು ಮುಟ್ಟಿದಳು. ಕೊಕ್ಕೆ, ಎರಡು ಗೆರೆ. ಅವುಗಳ ಪಕ್ಕದಲ್ಲೇ ಒಂದು ನುಣುಪಾದ ತಗ್ಗು. ತೊಳೆಯುವಾಗಲೂ ಅದು ಬೆರಳಿಗೆ ಸಿಕ್ಕಿತ್ತು. ಈಗ ಅಳೆದು ನೋಡಿದಳು. ಒಂದು ಗೆರೆಯಷ್ಟೇ ಉದ್ದ. ಅಲ್ಲಿ ಮೂರನೆಯ ಗೆರೆಯೊಂದಿತ್ತು. ಯಾರೋ ಮೊದಲು ಎಂಟು ಅಂತ ಕೊರೆದು, ಆಮೇಲೆ ಅದನ್ನು ಉಜ್ಜಿ ಅಳಿಸಿದ್ದರು.

“ಸರ್ಕೋ ಮಗಳೇ,” ಅಂದಳು ಅಮ್ಮ. ಕಲ್ಲು ಮೇಲೇರಿತು.

ನಾಲ್ಕು ಗಂಟೆಗೆ ನೆತ್ತಿಗಲ್ಲು ಕೂತಿತು. ಕಮಾನಿನಡಿ ಆಸರೆಗೆ ಮರದ ಚೌಕಟ್ಟು ಇನ್ನೂ ಇತ್ತು. ಅಮ್ಮ ಸುತ್ತಿಗೆ ಹಿಡಿದು ಅದರ ಬೆಣೆಗಳನ್ನು ಒಂದೊಂದಾಗಿ ಹೊಡೆದು ತೆಗೆದಳು. ಕೊನೆಯ ಬೆಣೆ ಬಿತ್ತು. ಚೌಕಟ್ಟು ಕೆಳಗಿಳಿಯಿತು. ಕಲ್ಲುಗಳು ಒಮ್ಮೆ ‘ಟಕ್’ ಅಂದವು.

ಕಮಾನು ನಿಂತಿತು!

ಕ್ರೇನ್ ಡ್ರೈವರ್ ಹಾರ್ನ್ ಬಾರಿಸಿದ್ದೇ ಬಾರಿಸಿದ್ದು. ತಾತ ಟೋಪಿಯನ್ನು ಮೇಲಕ್ಕೆಸೆದ, ಅದು ಇಂಜಿನಿಯರ್ ಭುಜದ ಮೇಲೆ ಬಿತ್ತು. ನೋಡಲು ಬಂದವರು ಚಪ್ಪಾಳೆ ತಟ್ಟಿದರು. ಅಮ್ಮ ಸುತ್ತಿಗೆ ಕೆಳಗಿಟ್ಟು ಮಗಳನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಆಮೇಲೆ ಕೈ ಕೈ ಹಿಡಿದು ಇಬ್ಬರೂ ಎಲ್ಲರಿಗಿಂತ ಮೊದಲು ಹೆಬ್ಬಾಗಿಲಿನಡಿ ನಡೆದರು.

ನಟ್ಟನಡುವೆ ಹುಡುಗಿ ನಿಂತು ತಲೆಯೆತ್ತಿದಳು.

“ಏನು ನೋಡ್ತಿದ್ದೀಯ?”

“ಏಳನೇ ಕಲ್ಲು.”

ಗೆರೆ ಕಾಣುತ್ತಿರಲಿಲ್ಲ, ತಗ್ಗೂ ಕಾಣುತ್ತಿರಲಿಲ್ಲ. ಆದರೂ ಎರಡು ಸಾವಿರ ವರ್ಷದ ಹಿಂದೆ ಇದೇ ಜಾಗದಲ್ಲಿ ಯಾರೋ ತಮ್ಮ ತಪ್ಪು ನೋಡಿ ನಾಲಿಗೆ ಕಚ್ಚಿಕೊಂಡಿದ್ದು ಅವಳಿಗೆ ಚೆನ್ನಾಗಿ ಕಂಡಿತು.