ಹನ್ನೊಂದು ತಾರೀಖಿನ ಘಡಿ

2009ರ ನವೆಂಬರ್ 10, ಮಂಗಳವಾರ, ಬೆಳಿಗ್ಗೆ 10.40. ಬಸವಕಲ್ಯಾಣ ಠಾಣೆಯ ಮುಂದೆ ಬಿಳಿ ಜೀಪೊಂದು ಧೂಳೆಬ್ಬಿಸಿ ನಿಂತಿತು. ಮೊದಲು ಒಂದು ಬೂಟು ಇಳಿಯಿತು, ಆಮೇಲೆ ಹೊಟ್ಟೆ, ಕಡೆಗೆ ಹುಮನಾಬಾದಿನ ದಾಲ್ ಮಿಲ್ ಮಾಲೀಕ ಗುರುನಾಥ ಸೇಠ್. ಹಿಂದೆ ಡೋಲು ಬಡಿಯುವವರು ಇರಲಿಲ್ಲ, ಅಷ್ಟೇ ಕೊರತೆ.

"ಸಾಹೇಬ್ರ, ಹೀರೋ ಎಂಟ್ರಿ ಆಗ್ಯಾದ," ಎಂದು ಕಾನ್‌ಸ್ಟೇಬಲ್ ರತ್ನದೀಪ ಒಳಗೆ ಸುದ್ದಿ ಕೊಟ್ಟ. ಅವನಿಗೆ ಡ್ಯೂಟಿ ಆರಂಭವಾದರೆ ಟಾಕೀಸಿನ ಪರದೆ ಎದ್ದಂತೆ.

ಪಿಎಸ್‌ಐ ಶಂಕರಲಿಂಗ ಕುರ್ಚಿ ತೋರಿಸಿದರು. "ಕೂಡ್ರಿ. ಏನಾಗ್ಯಾದ?"

"ಘಡಿ ಹೋಗ್ಯಾದ್ರಿ. ಬಂಗಾರದ್ದು."

"ಎಲ್ಲಿಂದ?"

"ನಿಮ್ಮೂರ ನಾಗನಾಥನ ದುಕಾನದಿಂದ. ಗುರುವಾರ ಪಾಲಿಶಿಗೆ ಕೊಟ್ಟಿದ್ದೆ. ಇವತ್ತ ತಗೊಳ್ಳಾಕ ಬಂದ್ರ, ರಾತ್ರಿ ಯಾರೋ ಕೀಲಿ ಕೊಯ್ದು ಒಯ್ದಾರ ಅಂತಾನ."

"ಹೊಸಾದಾ?"

"ನನ್ನಕ್ಕಿಂತ ಹಳೇದ್ರಿ. ಕಂಪ್ಯೂಟರಿನ್ಯಾಗ ಹರಾಜು ನಡೀತದಲ್ರಿ, ಅದರಾಗ ಹಿಡದೀನಿ. ನಲವತ್ತೊಂದು ಸಾವಿರಕ್ಕ."

"ಜಾತ್ರ್ಯಾಗ ಎತ್ತು ಹಿಡದಂಗ ಹೇಳ್ತೀರಲ್ರಿ," ಎಂದ ರತ್ನದೀಪ.

"ಎತ್ತಿಗಿ ಹಲ್ಲು ನೋಡಿ ಹಿಡೀಬಹುದಪ್ಪ. ಇದನ್ನ ಬರೀ ಫೋಟೋ ನೋಡಿ ಹಿಡದೀನಿ."

11.05ಕ್ಕೆ ರಾತ್ರಿ ಕನ್ನಗಳವಿನ ಐಪಿಸಿ ಕಲಂ 457, 380ರ ಅಡಿ ಎಫ್‌ಐಆರ್ ದಾಖಲಾಯಿತು. ಸೇಠರು ಸಹಿ ಮಾಡಿದ ಮೇಲೆ ಪಿಎಸ್‌ಐ ಒಂದು ಮಾತು ಕೇಳಿದರು.

"ಕೀಲಿ ಮುರದದ್ದು ನಾಗನಾಥರದು. ಕಂಪ್ಲೇಂಟ್ ತಂದಾವ್ರು ನೀವು. ಅವರೆಲ್ಲಿ?"

"ದುಕಾನದಾಗ ಕುಂತಾನ್ರಿ! ಯಾರದೋ ಅಲಾರಾಂ ರಿಪೇರಿ ಮಾಡಾಕತ್ತಾನ!"

11.40ಕ್ಕೆ ಪೊಲೀಸರು ಅಂಗಡಿಗೆ ಹೋದರು. ಎಂಟಡಿ ಅಗಲದ ಜಾಗ. ಒಂದು ಮೇಜು, ಮೇಜಿನ ಅಂಚಿಗೆ ಬಿಗಿದ, ಸಾಮಾನು ಕಚ್ಚಿ ಹಿಡಿಯುವ ಕಬ್ಬಿಣದ ವೈಸ್, ಗೋಡೆ ತುಂಬ ಗಡಿಯಾರಗಳು. ನಾಗನಾಥನಿಗೆ ನಲವತ್ತನಾಲ್ಕು ವರ್ಷ, ಒಂಟಿ. ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು ಎದ್ದು ನಿಂತ. ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಕೊಯ್ದ ಬೀಗವನ್ನು ಜಪ್ತಿ ಮಾಡಲಾಯಿತು. ರಿಪೇರಿಗೆ ಬಂದಿದ್ದ ನಲವತ್ಮೂರು ಗಡಿಯಾರಗಳು ಇದ್ದಲ್ಲೇ ಇದ್ದವು. ಹೋದದ್ದು ಒಂದೇ.

"ಯಾರ ಮ್ಯಾಲರೆ ಡೌಟು?"

"ಇಲ್ರಿ."

"ಘಡಿ ಹ್ಯಾಂಗಿತ್ತು?"

ನಾಗನಾಥ ಗೋಡೆ ನೋಡುತ್ತ ಹೇಳಿದ. "ಚಾವಿ ಕೊಡೋ ಘಡಿ. ಐದರ ಅಂಕಿ ಮಾಸ್ಯಾದ. ಎಡಗಡೆ ಒಂದು ಸಣ್ಣ ತಗ್ಗು ಅದ, ಗ್ವಾಡಿಗಿ ಕೈ ಬಡದಾಗ ಆದದ್ದು. ಚಾವಿ ಕೊಡುಮುಂದ ಹನ್ನೆರಡನೇ ಸುತ್ತಿಗಿ ಕಟ್ ಅಂತ ಒಂದು ಆವಾಜ ಬರ್ತದ. ಹೆದರಬಾರ್ದು, ಅದರ ಸ್ವಭಾವ ಅದು."

ಹೊರಗೆ ಬಂದು ರತ್ನದೀಪ ಟೋಪಿ ಸರಿಪಡಿಸಿಕೊಂಡ. "ಸಾಹೇಬ್ರ, ಮಗಳು ಕಾಣಿಯಾದ್ರ ಅಪ್ಪನೂ ಇಷ್ಟು ಗುರುತು ಹೇಳಲ್ರಿ."

ಪಿಎಸ್‌ಐ ಜೀಪು ಹತ್ತಿದರು. ಬೇರೊಂದು ಮಾತು ಅವರ ತಲೆಯಲ್ಲಿತ್ತು. ಕಳುವಾದ ವಸ್ತುವಿನ ಬಗ್ಗೆ ಜನ 'ಇತ್ತು' ಅನ್ನುತ್ತಾರೆ. ನಾಗನಾಥ ಎಲ್ಲಕ್ಕೂ 'ಅದ' ಎಂದಿದ್ದ.

ನವೆಂಬರ್ 11, ಬುಧವಾರ, ಬೆಳಿಗ್ಗೆ 11.00. ಹುಮನಾಬಾದಿನ ದಾಲ್ ಮಿಲ್. ತೊಗರಿ ಸಿಪ್ಪೆ ಗಾಳಿಯಲ್ಲಿ ಹಾರುತ್ತಿತ್ತು. ಗುರುನಾಥ ಸೇಠರು ಹರಾಜಿನ ಪುಟಗಳ ಪ್ರಿಂಟ್‌ಔಟ್ ತಂದಿಟ್ಟರು. ಮಾರಿದವರು ಪುಣೆಯವರು. ಅಕ್ಟೋಬರ್ 22, ಸಂಜೆ 6.30ಕ್ಕೆ ಹರಾಜು ಮುಗಿದಿತ್ತು.

"ಹೊಸಾದು ಬಿಟ್ಟು ಹಳೇದು ಯಾಕ ಬೇಕಾತು?" ಪಿಎಸ್‌ಐ ಕೇಳಿದರು.

ಸೇಠರು ಕಾಗದದ ಮೇಲೆ ಬಿದ್ದ ಸಿಪ್ಪೆ ಕೊಡವಿದರು. "ನಮ್ಮಪ್ಪ ಒಬ್ಬ ಸಾಹುಕಾರನ ಗಾಡಿ ಹೊಡೀತಿದ್ದರಿ. ಆ ಸಾಹುಕಾರನ ಕೈಯಾಗ ಇಂಥದೇ ಘಡಿ. ಅಪ್ಪ ಟೈಮ್ ಎಷ್ಟಾತ್ರಿ ಅಂತ ಕೇಳಿದ್ರ, 'ಮ್ಯಾಲ ನೋಡು, ಸೂರ್ಯ ಅದಾನ' ಅಂತಿದ್ದ. ಅದು ಮನಸ್ಸಿನಾಗ ಕುಂತುಬಿಟ್ಟದ. ಅದಕ್ಕ ನಾಗನಾಥಗ ಹೇಳಿದ್ದೆ, ಹಳೇ ಗೀರು ಒಂದೂ ಇರಬಾರ್ದು, ಒಳಗ ಏನೇನೋ ಗೀಚ್ಯಾರ, ಅದನ್ನೂ ತಿಕ್ಕಿ ತಗಿ, ನಮ್ಮಪ್ಪನ ಹೆಸರು ಕೆತ್ತು ಅಂತ."

"ಅದಕ್ಕ ಅವರೇನಂದ್ರು?"

"ಘಡಿ ತನಗೇ ಮಾರು ಅಂದ. ನಾ ನಕ್ಕೆ."

ಪಿಎಸ್‌ಐ ಪುಟ ತಿರುವಿದರು. ಕೂಗಿದವರ ಪಟ್ಟಿಯಲ್ಲಿ ಸೇಠರ ಕೆಳಗೇ ಒಂದು ಹೆಸರು ಮತ್ತೆ ಮತ್ತೆ ಬಂದಿತ್ತು. kalyan11.

"ಈ ನನ್ಮಗ ಬೆನ್ನು ಬಿಡಲಿಲ್ರಿ. ನಾ ಐನೂರು ಏರಿಸಿದ್ರ ಅವನೂ ಐನೂರು. ಆರು ಹದಿನೇಳಕ್ಕ ಕಡೀ ಸಲ ಕೂಗ್ದ. ಆಮ್ಯಾಲ ಗಪ್."

"ಕಲ್ಯಾಣ ಇಲೆವೆನ್. ಕ್ರಿಕೆಟ್ ಟೀಮ್ ಇರಬೇಕ್ರಿ," ಎಂದ ರತ್ನದೀಪ. "ಹನ್ನೆರಡನೆಯವ ನೀರು ತರಾಕ ಹೋಗ್ಯಾನ."

ಕೊನೆಯ ಪುಟದಲ್ಲಿ ಗಡಿಯಾರದ ಹಿಂದಿನ ಮುಚ್ಚಳ ಬಿಚ್ಚಿ ತೆಗೆದ ಫೋಟೋ ಇತ್ತು. ಮುಚ್ಚಳದ ಒಳಮೈಯಲ್ಲಿ ಇರುವೆ ಹರಿದಂಥ ಗೀರುಗಳು. ಅದನ್ನು ಓದಿಸಲು ಅವರು ಬಸ್ ಸ್ಟ್ಯಾಂಡಿನ ಎದುರು ಕೂತು ಈಗ ಬರೀ ಪಟ್ಟಿ, ಸೆಲ್ ಬದಲಿಸುವ ಮುದುಕ ಘಡಿಸಾಜ್ ಜಲಾಲುದ್ದೀನರ ಬಳಿ ಹೋದರು. ಜಲಾಲುದ್ದೀನ್ ಕಾಗದವನ್ನು ಕಣ್ಣಿಗೆ ಹತ್ತಿಸಿ ಹಿಡಿದರು.

"ಇದು ನಮ್ಮ ಘಡಿಸಾಜರ ಕಾಯಂ ರಿವಾಜ್ ಸಾಹೇಬ್ರ. ಘಡಿ ಬಿಚ್ಚಿದಾಗೊಮ್ಮೆ ಸೂಜಿಲೆ ತಾರೀಖು ಗೀಚ್ತೀವಿ. ಬಾಜೂಕ ನಮ್ಮ ಅಕ್ಷರ. ಇದು 'ನಾ' ಅದ."

"ಎಷ್ಟು ತಾರೀಖು ಅವ?"

ಬೆರಳು ನಿಧಾನಕ್ಕೆ ಸರಿಯಿತು. "ಹನ್ನೊಂದು. ಮೊದಲಿಂದು ಹತ್ತು ಜನವರಿ ತೊಂಬತ್ತು. ಕಡೀದು ಎರಡು ಮಾರ್ಚ್ ತೊಂಬತ್ತೊಂದು."

"ಹದಿನಾಲ್ಕು ತಿಂಗಳಾಗ ಹನ್ನೊಂದು ಸಲ? ಅಷ್ಟು ಖರಾಬ್ ಘಡಿ?"

ಮುದುಕ ನಕ್ಕರು. "ಖರಾಬ್ ಘಡಿ ಹನ್ನೊಂದು ಸಲ ಅದೇ ದುಕಾನಕ್ಕ ಯಾರು ತರ್ತಾರ್ರಿ? ಎರಡನೇ ಸಲಕ್ಕೇ ಬೈದು ಬ್ಯಾರೆ ಕಡೆ ಹೋಗ್ತಾರ. ಘಡಿ ಚಲೋ ಇತ್ತು ಸಾಹೇಬ್ರ. ತಂದಾವ್ರಿಗಿ ಏನೋ ಆಗಿತ್ತು."

ಡೈಲಾಗ್ ಹೊಡೆಯಲು ಬಾಯಿ ತೆರೆದ ರತ್ನದೀಪ, ತಾರೀಖುಗಳನ್ನು ತಾನೂ ಒಮ್ಮೆ ಎಣಿಸಿದ.

ನವೆಂಬರ್ 12, ಗುರುವಾರ, ಬೆಳಿಗ್ಗೆ 9.50. ಠಾಣೆಯಲ್ಲಿ ರತ್ನದೀಪ ಜಪ್ತಿ ಮಾಡಿದ ಬೀಗವನ್ನು ರಿವಾಲ್ವರಿನಂತೆ ಹಿಡಿದು ಕಿಟಕಿಗೆ ಗುರಿ ಇಡುತ್ತಿದ್ದ.

"ಎವಿಡೆನ್ಸ್ ಅದು, ಆಟಗಿ ಸಾಮಾನಲ್ಲ," ಪಿಎಸ್‌ಐ ಗದರಿದರು.

"ಸಾಹೇಬ್ರ, ಇದರ ಎರಡೂ ಬಾಜೂಕ ಹಲ್ಲಿನ ಗುರುತು ಅವ ನೋಡ್ರಿ. ಮೊಸಳಿ ಕಚ್ಚಿದಂಗ."

ಪಿಎಸ್‌ಐ ಬೀಗವನ್ನು ಬೆಳಕಿಗೆ ಹಿಡಿದರು. ಎರಡು ಬದಿಗೂ ಒಂದೇ ಅಳತೆಯ ಗೆರೆಗಳು. ವೈಸ್‌ನ ದವಡೆ ಬಿಗಿದ ಗುರುತು. ಷಟರಿಗೆ ನೇತುಬಿದ್ದ ಬೀಗವನ್ನು ವೈಸ್‌ಗೆ ಸಿಕ್ಕಿಸಲು ಬರುವುದಿಲ್ಲ. ಚಾವಿಯಿಂದ ತೆಗೆದು ಮೇಜಿನ ಮೇಲೆ ಬಿಗಿದು, ಅಚ್ಚುಕಟ್ಟಾಗಿ ಗರಗಸ ಆಡಿಸಿದ್ದಾರೆ.

10.30ಕ್ಕೆ kalyan11 ಯಾರೆಂದು ತಿಳಿಯಲು ಅವರು ಊರಿನ ಮಕ್ಬೂಲನ ಇಂಟರ್ನೆಟ್ ಸೆಂಟರಿಗೆ ಹೋದರು. ಮಕ್ಬೂಲ್ ರಿಜಿಸ್ಟರ್ ತೆರೆದ. ಅಕ್ಟೋಬರ್ 22, ಕ್ಯಾಬಿನ್ 3, ಸಂಜೆ 5.30ರಿಂದ. ಹೆಸರು ನಾಗನಾಥ.

"ಕಾಯಂ ಗಿರಾಕಿ ಏನು?"

"ಹೌದ್ರಿ. ಹಳೇ ಘಡಿಗಳ ಪಾರ್ಟ್ಸ್ ಹುಡುಕಾಕ ಬರ್ತಾನ. ಆವತ್ತ ಆರು ಹದಿನೆಂಟಕ್ಕ ಕರೆಂಟ್ ಹೋತು. ಬ್ಯಾಟರಿ ಮೊದಲೇ ಸತ್ತಿತ್ತು. ನಲವತ್ತು ಮಿನಿಟ್ ಕತ್ತಲದಾಗ ಆ ಬಂದಾದ ಸ್ಕ್ರೀನ್ ಮುಂದೇ ಕುಂತಿದ್ರಿ. ಮನಿಗಿ ಹೋಗಪಾ ಅಂದ್ರ, 'ಬರ್ತದ, ಬರ್ತದ' ಅಂತಾನ."

"ಬಂತಾ?"

"ಏಳಕ್ಕ ಬಂತ್ರಿ. ಸ್ಕ್ರೀನ್ ನೋಡ್ದ, ರೊಕ್ಕ ಇಟ್ಟ, ಹೋದ."

ಹುಮನಾಬಾದಿನಲ್ಲಿ ಆ ಸಂಜೆ ಕರೆಂಟ್ ಹೋಗಿರಲಿಲ್ಲ. ಎರಡು ವಾರಕ್ಕೆ, ಗೆದ್ದವರು ಅದೇ ಗಡಿಯಾರವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದು ಸೋತವನ ಮೇಜಿನ ಮೇಲೆಯೇ ಇಟ್ಟಿದ್ದರು. ತಾಲ್ಲೂಕಿನಲ್ಲಿ ಅಂಥ ಗಡಿಯಾರ ಮುಟ್ಟುವ ಕೈ ಇನ್ನೊಂದು ಇರಲಿಲ್ಲ.

ಮಧ್ಯಾಹ್ನ 12.15ಕ್ಕೆ ಪಿಎಸ್‌ಐ ಪುಣೆಗೆ ಫೋನ್ ಮಾಡಿದರು. ಎತ್ತಿದವಳು ಸ್ನೇಹಲ್, ಹದಿನೇಳರ ಹುಡುಗಿ. ಗಡಿಯಾರ ಅವಳ ತಾಯಿ ವಿದ್ಯಾವತಿಯದು. ತವರು ಬಸವಕಲ್ಯಾಣ.

"ಆಯಿ ಜೂನ್‌ದಾಗ ತೀರಿಹೋದ್ರು ಕಾಕಾ. ಬಂದಾದ ಘಡಿ ಮನ್ಯಾಗ ಇಡಬಾರ್ದು ಅಂತ ಬಾಬಾ ಮಾರಾಕ ಹೇಳಿದ್ರು."

"ಬಂದ್ ಇತ್ತಾ?"

"ನಾ ಹುಟ್ಟಿದಾಗಿಂದ ಬಂದೇ ಅದ."

"ರಿಪೇರಿ ಮಾಡಿಸಲಿಲ್ಲ?"

"ಇಲ್ಲಿ ಯಾರಿಗೂ ಬಿಚ್ಚಾಕ ಕೊಡ್ತಿರಲಿಲ್ಲ. 'ಇದು ಕಲ್ಯಾಣದ ಘಡಿ, ಅಲ್ಲೇ ಬಿಚ್ಚಬೇಕು' ಅಂತಿದ್ರು. ನಡಿ ಹೋಗೂನು ಅಂದ್ರ, ಮುಂದಿನ ವರ್ಷ ಅಂತಿದ್ರು. ಫೋಟೋ ತಗ್ಯಾಕ ನಾನೇ ಮೊದಲ ಸಲ ಬಿಚ್ಚಿಸಿದ್ದು."

ಸಂಜೆ 4.15ಕ್ಕೆ ಪಿಎಸ್‌ಐ ನಾಗನಾಥನ ಮೇಜಿನ ಮೇಲೆ ಬೀಗವನ್ನಿಟ್ಟರು. ಹಲ್ಲಿನ ಗುರುತು ಮೇಲೆ ಮಾಡಿ, ವೈಸ್‌ನ ಪಕ್ಕದಲ್ಲೇ.

"ಈ ಗುರುತು ಹ್ಯಾಂಗ ಬಿತ್ತು?"

ನಾಗನಾಥ ಬೀಗ ನೋಡಿದ. ವೈಸ್ ನೋಡಿದ. ಎದ್ದು ನಿಂತು, ತುಂಬುತೋಳಿನ ಅಂಗಿಯ ಗುಂಡಿ ಬಿಚ್ಚಿ, ಎಡತೋಳನ್ನು ಮೇಲಕ್ಕೆ ಸರಿಸಿದ. ತಾಯತ ಕಟ್ಟುವ ಜಾಗದಲ್ಲಿ ಬಟ್ಟೆ ಪಟ್ಟಿಯೊಂದಿಗೆ ಗಡಿಯಾರ ಬಿಗಿದಿತ್ತು. ಹದಿನೆಂಟು ವರ್ಷ ನಿಂತದ್ದು, ಈಗ ನಡೆಯುತ್ತಿತ್ತು.

"ಹೇಳ್ರಿ."

"ಸೇಠ್ರು ತಿಕ್ಕು ಅಂದ್ರು. ಪಾಲಿಶಿನ ಬಫ್ ಮಷೀನ್ ಚಾಲೂ ಮಾಡಿದೆ. ಮುಚ್ಚಳ ಹಿಡದೆ. ಕೈ ಮುಂದ ಹೋಗಲಿಲ್ರಿ."

"ಆಗಲ್ಲ ಅಂತ ಹೇಳಿ ವಾಪಸ್ ಕೊಡಬೇಕಿತ್ತು."

"ನಾ ಕೊಟ್ರ ಇನ್ನೊಬ್ಬ ತಿಕ್ಕತಿದ್ದ. ಅವನಿಗೆ ಅದು ಬರೀ ಗೀರು."

"ತೊಂಬತ್ತರಾಗ ಘಡಿಗಿ ಏನಾಗಿತ್ತು?"

"ಏನೂ ಇಲ್ರಿ. ಮಾಸ್ತರ ಮಗಳು ಅವರು, ಮುತ್ಯಾನ ಘಡಿ. ಚಾವಿ ಕೊಡದೇ ತರ್ತಿದ್ರು. ನಿಂತದ ಅಂತಿದ್ರು. ನಾ ಚಾವಿ ಕೊಟ್ಟು, ಬಿಚ್ಚಿ, ತಾರೀಖು ಹಾಕಿ, ಮುಚ್ಚಿ, ನಾಳಿಗಿ ಬರ್ರಿ ಅಂತಿದ್ದೆ."

"ಮತ್ತೇನು ಮಾತಾಡಿದ್ರಿ?"

"ಒಯ್ಯುಮುಂದ 'ಮತ್ತ ನಿಂತ್ರ?' ಅಂತ ಕೇಳ್ತಿದ್ರು. 'ತರ್ರಿ' ಅಂತಿದ್ದೆ. ಅಷ್ಟೇರಿ."

"ಅಷ್ಟೇನಾ? ಹನ್ನೊಂದು ಸಲದಾಗ?" ರತ್ನದೀಪನಿಗೆ ತಡೆಯಲಾಗಲಿಲ್ಲ. "ಒಂದು ಡೈಲಾಗರೆ ಹೊಡೀಬಾರ್ದಿತ್ತೇನೋ ಮಾರಾಯಾ!"

"ಹನ್ನೆರಡನೇ ಸಲಕ್ಕ ಹೇಳಬೇಕು ಅಂತ ಮಾಡಿದ್ದೆ," ಎಂದ ನಾಗನಾಥ. "ಅಷ್ಟರಾಗ ಅವರನ್ನ ಪುಣೆಗಿ ಕೊಟ್ರು."

ಪಿಎಸ್‌ಐ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಇದು ವಿಚಾರಣೆಯ ಭಾಗವಾಗಿರಲಿಲ್ಲ. "ಪುಣೆದಾಗ ಆ ಘಡಿ ಬ್ಯಾರೆ ಯಾರ ಕೈಗೂ ಕೊಟ್ಟಿಲ್ಲಂತ ಅವರು."

"ಗೊತ್ತದ್ರಿ," ಎಂದ ನಾಗನಾಥ. "ಹರಾಜಿನ ಫೋಟೋದಾಗ ಹನ್ನೆರಡನೇ ತಾರೀಖು ಇರಲಿಲ್ಲ."

4.50ಕ್ಕೆ ಬಂಧನ ದಾಖಲಾಯಿತು. ಕಲಂ 457, 380 ತೆಗೆದು, ನಂಬಿಕೆದ್ರೋಹದ ಕಲಂ 406 ಹಾಕಲಾಯಿತು. ಠಾಣೆಯಲ್ಲಿ ಪಂಚರ ಮುಂದೆ ಜಪ್ತಿ ಪಂಚನಾಮೆ ಬರೆಯುವಾಗ ರೈಟರ್ ಜೋರಾಗಿ ಓದುತ್ತ ಬರೆದ: "ಹಳೆಯ ಬಂಗಾರದ ಕೈಗಡಿಯಾರ ಒಂದು. ಮುಚ್ಚಳದ ಒಳಗೆ ಗೀರುಗಳಿವೆ."

"ಗೀರು ಅಂತ ಬರೀಬ್ಯಾಡ," ಎಂದರು ಪಿಎಸ್‌ಐ. "ತಾರೀಖು ಬರಿ. ಹನ್ನೊಂದೂ."

ರತ್ನದೀಪ ಭೂತಗನ್ನಡಿ ಹಿಡಿದು ಒಂದೊಂದೇ ಓದಿದ. ಐದನೆಯದಕ್ಕೆ "ಒಂದು, ಎಂಟು, ತೊಂಬತ್ತು" ಎಂದಾಗ ಮೂಲೆಯ ಬೆಂಚಿನಿಂದ ನಾಗನಾಥನ ದನಿ ಬಂತು.

"ಒಂದಲ್ರಿ, ಏಳು. ಆವತ್ತ ಕೈ ನಡುಗಿತ್ತು."

ರೈಟರ್ ತಿದ್ದಿದ. ತಿದ್ದಿದ್ದಕ್ಕೆ ಪಂಚರಿಬ್ಬರೂ ಸಹಿ ಹಾಕಿದರು. ಇನ್ನು ಕೋರ್ಟು ಗಡಿಯಾರವನ್ನು ಸೇಠರಿಗೆ ಕೊಡುತ್ತದೆ, ಸೇಠರು ತಮ್ಮಪ್ಪನ ಹೆಸರು ಕೆತ್ತಿಸುತ್ತಾರೆ. ಅದು ಅವರ ಹಕ್ಕು. ಈ ಕಾಗದವನ್ನು ತಿಕ್ಕಲು ಮಾತ್ರ ಯಾರಿಗೂ ಬರುವುದಿಲ್ಲ.

"ಚಾರ್ಜ್‌ಶೀಟಿನ ಜೋಡಿ ಇದರ ನಕಲು ನಿಮಗ ಸಿಗ್ತದ," ಎಂದರು ಪಿಎಸ್‌ಐ. "ಆರೋಪಿಗೆ ಫುಕಟ್ ಕೊಡಬೇಕು ಅಂತ ಕಾನೂನೇ ಅದ."

ನಾಗನಾಥ ತಲೆಯಾಡಿಸಿದ. ರತ್ನದೀಪ ಗಡಿಯಾರವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಅರಗು ಕಾಯಿಸಿದ. ಮುದ್ರೆ ಒತ್ತುವ ಮೊದಲು ಗಂಟನ್ನು ಕಿವಿಗೆ ಹಿಡಿದ. ಒಳಗೆ ನಡೆಯುತ್ತಿತ್ತು.

"ಸೀಲ್ ಆದ ಮ್ಯಾಲ ಚಾವಿ ಕೊಡಾಕ ಬರಂಗಿಲ್ಲೋ ನಾಗಣ್ಣ," ಎಂದ. ಮೂರು ದಿನದಲ್ಲಿ ಅವನು ಡೈಲಾಗ್ ಬೆರೆಸದೆ ಆಡಿದ ಮೊದಲ ಮಾತು ಅದು. "ನಾಳಿಗಿ ನಿಲ್ತದ."

"ನಿಲ್ಲಲಿ ಬಿಡ್ರಿ," ಎಂದ ನಾಗನಾಥ. "ಅದಕ್ಕ ರೂಢಿ ಅದ."