ಅಚ್ಚಾಚನ ಬೆಂಚಿನ ಮೇಲೆ

"ನಿಲ್ಲು ಮೋಳೇ, ನಿಲ್ಲು. ಎಕ್ಸ್‌ಪ್ರೆಸ್ ಬಸ್ ಥರ ಓಡಿಸ್ತಿದ್ದೀಯಲ್ಲ. ಆಸ್ಪತ್ರೆ ಸುದ್ದಿ ಇನ್ನೊಂದ್ಸಲ ಓದು," ಎಂದರು ರೋಹಿಣಿ ಚೇಚಿ. ಅವರ ಕೈ ಮಾತ್ರ ಬೀಡಿ ಸುತ್ತುತ್ತಲೇ ಇತ್ತು.

ಪ್ರಜಿಷಾ ಎತ್ತರದ ಬೆಂಚಿನ ಮೇಲೆ ಕುಳಿತಿದ್ದಳು. ಅದು ಅವಳ ತಾತನ ಜಾಗ. ತಾತನನ್ನು ಅವಳು ಕರೆಯುವುದು ಅಚ್ಚಾಚ ಎಂದು. ಬೀಡಿ ಸುತ್ತುವ ಹೆಂಗಸರು ಅವಳಿಗೆ ಚೇಚಿ, ಅಂದರೆ ಅಕ್ಕ; ಗಂಡಸರು ಚೇಟ್ಟ, ಅಂದರೆ ಅಣ್ಣ; ಅವರಿಗೆಲ್ಲ ಅವಳು ಮೋಳ್, ಮಗಳು. ಕೇರಳದ ಕಣ್ಣೂರಿನ ಆ ಶೆಡ್ಡಿನಲ್ಲಿ ಎಲ್ಲರೂ ಬೀಡಿ ಸುತ್ತುವಾಗ ಒಬ್ಬರು ಪತ್ರಿಕೆ ಓದಬೇಕು. ಓದಿದವರ ಮೊರಕ್ಕೆ ಉಳಿದವರು ತಮ್ಮ ಬೀಡಿಯಲ್ಲಿ ಒಂದಿಷ್ಟು ಹಾಕುತ್ತಾರೆ. ಬೆರಳು ಸೊಟ್ಟಗಾದ ಮೇಲೆ ಅಚ್ಚಾಚನ ಸಂಪಾದನೆಯೆಲ್ಲ ಅದೇ.

ಈಗ ಗಂಟಲೂ ಕೈಕೊಟ್ಟಿತ್ತು. ಒಂದು ತಿಂಗಳು ಮಾತೇ ಆಡಬಾರದು ಎಂದಿದ್ದರು ಡಾಕ್ಟರು.

"ರೇಡಿಯೋ ತರ್ತೀನಿ. ಅದಕ್ಕೆ ಬೀಡಿ ಕೊಡೋದೂ ಬೇಡ," ಎಂದಿದ್ದ ಅಲ್ಲೇ ಬೀಡಿ ಸುತ್ತುವ ದಾಸನ್ ಚೇಟ್ಟ.

ಅಚ್ಚಾಚನ ಪಾಲಿನ ಬೀಡಿ ತಪ್ಪಬಾರದೆಂದೇ ಬೇಸಿಗೆ ರಜೆಯ ಮೊದಲ ದಿನವೇ ಪ್ರಜಿಷಾ ಇಲ್ಲಿಗೆ ಬಂದಿದ್ದಳು. ನಾಲ್ಕನೇ ಕ್ಲಾಸಿನಲ್ಲಿ ರೀಡಿಂಗಿಗೆ ಅವಳೇ ಫಸ್ಟ್.

ಅವಳು ಮತ್ತೆ ಓದಿದಳು. "ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡನ್ನು ಸೋಮವಾರದಿಂದ... ರೋಗಿಗಳು ಸಹಕರಿಸಬೇಕು."

ಕ್ಲಾಸಿನಲ್ಲಿ ಕಷ್ಟದ ಪದ ಬಂದರೆ ಹೀಗೇ ಆ ಸಾಲನ್ನೇ ಹಾರಿಸಿ, ಅದೇ ರಾಗದಲ್ಲಿ ಮುಂದೆ ಹೋಗುತ್ತಿದ್ದಳು. ಪಾಠ ಎಲ್ಲರಿಗೂ ಬಾಯಿಪಾಠವಾಗಿತ್ತು. ಯಾರೂ ಹಿಡಿದಿರಲಿಲ್ಲ.

ಚೇಚಿಯ ಕೈ ನಿಂತಿತು. "ಸೋಮವಾರದಿಂದ ಏನು ಮಾಡ್ತಾರೆ? ಮುಚ್ತಾರಾ? ನನ್ ಮಗಳಿಗೆ ದಿನ ತುಂಬಿದೆ ಕಣೇ."

"ಈ ರೇಡಿಯೋಗೂ ಕರೆಂಟ್ ಹೋಯ್ತಾ?" ಎಂದ ದಾಸನ್ ಚೇಟ್ಟ.

ಪ್ರಜಿಷಾಳ ಕಿವಿ ಬಿಸಿಯಾಯಿತು. ಹಾರಿಸಿದ ಸಾಲಿನ ಕೊನೆಯ ಪದವನ್ನು ಹುಡುಕಿದಳು.

"ಸ್ಥ... ಸ್ಥಳಾಂ... ಸ್ಥಳಾಂತರಿಸಲಾಗುವುದು."

"ಹಾಗಂದ್ರೆ ಏನು ಹೇಳು?" ಎಂದರು ಚೇಚಿ.

"ಗೊತ್ತಿಲ್ಲ."

ಚೇಟ್ಟ ಹೇಳಲು ಬಾಯಿ ತೆರೆದ. ಮೂಲೆಯಲ್ಲಿ ಕುಳಿತು ಕೇಳುತ್ತಿದ್ದ ಅಚ್ಚಾಚ ಕೈ ಎತ್ತಿ ತಡೆದರು. ಎದ್ದು ಬಂದು, ಚೇಟ್ಟನ ತೊಡೆಯ ಮೇಲಿದ್ದ ಮೊರವನ್ನು ಬೀಡಿ ಸಮೇತ ಎತ್ತಿ ರೋಹಿಣಿ ಚೇಚಿಯ ಪಕ್ಕ ಇಟ್ಟರು.

"ಏ, ನನ್ ಬೀಡಿ," ಎಂದ ಚೇಟ್ಟ. ಶೆಡ್ಡೆಲ್ಲ ನಕ್ಕಿತು.

"ಜಾಗ ಬದಲಾಯಿಸೋದು," ಎಂದಳು ಪ್ರಜಿಷಾ. "ಮುಚ್ಚಲ್ಲ ಚೇಚಿ. ವಾರ್ಡು ಬೇರೆ ಕಡೆ ಹೋಗುತ್ತೆ."

"ಎಲ್ಲಿಗೆ?"

ಈ ಸಲ ಅವಳು ಒಂದು ಪದವನ್ನೂ ಬಿಡಲಿಲ್ಲ. "ರೈಲ್ವೆ ಸ್ಟೇಷನ್ ಹಿಂಭಾಗದ ನೂತನ ಕಟ್ಟಡಕ್ಕೆ."

"ಸದ್ಯ. ಇಲ್ದಿದ್ರೆ ನೋವು ಬಂದಾಗ ಹಳೇ ಬಾಗಿಲಲ್ಲಿ ಹೋಗಿ ನಿಲ್ತಿದ್ವಿ," ಎನ್ನುತ್ತ ಚೇಚಿ ಒಂದು ಹಿಡಿ ಬೀಡಿಯನ್ನು ಅಚ್ಚಾಚನ ಮೊರಕ್ಕೆ ಹಾಕಿದರು. ತನ್ನ ಮೊರ ವಾಪಸ್ ತಂದುಕೊಂಡ ದಾಸನ್ ಚೇಟ್ಟನೂ ಒಂದಷ್ಟು ಹಾಕಿದ.

"ರೇಡಿಯೋ ಬೇಡ ಅಂತ ನಾನಿನ್ನೂ ಪೂರ್ತಿ ಒಪ್ಪಿಲ್ಲ," ಎಂದ. "ನಿನ್ನೆ ರಾತ್ರಿ ಫುಟ್‌ಬಾಲ್ ಮ್ಯಾಚ್ ಏನಾಯ್ತು, ಓದು."

ಪ್ರಜಿಷಾ ಹಾಳೆ ತಿರುಗಿಸಿದಳು. ಎರಡನೇ ಸಾಲಿನಲ್ಲೇ ಉದ್ದನೆಯ ಪದವೊಂದು ಕುಳಿತಿತ್ತು. ನಾಲಿಗೆ ಹಾರಲು ಸಿದ್ಧವಾಗಿತ್ತು. ಅವಳು ತಡೆದಳು.

"ಒಂದ್ನಿಮಿಷ," ಎಂದಳು.

ಒಂದೊಂದಾಗಿ ಕೈಗಳು ನಿಂತವು. ಅವಳು ತಲೆ ಎತ್ತಿ ನೋಡಿದಳು. ಯಾರು ಗೆದ್ದರೆಂದು ಇಲ್ಲಿ ಯಾರಿಗೂ ಇನ್ನೂ ಗೊತ್ತಿಲ್ಲ. ಗೊತ್ತಾಗಬೇಕಾದದ್ದು ಅವಳ ಬಾಯಿಂದಲೇ.

ಪ್ರಜಿಷಾ ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು.