ಉಪ್ಪಿನ ಗಂಟಿನ ಶಾಖ

ಇವತ್ತು ಬೆಳಗಿನಿಂದ ತಾನು ಆಡಿದ್ದು ಎಷ್ಟು ಮಾತು? ಅಮೃತಾ ಡೈರಿಯ ಅಂಚಿನಲ್ಲಿ ಬರೆದುಕೊಂಡಳು: ಹನ್ನೊಂದು. ಅದರಲ್ಲಿ ಏಳು ಬರೀ 'ಹೂಂ ಅತ್ತೆ'. ಹೀಗೇ ಹೋದರೆ ಒಂದು ದಿನ ಬಾಯಿ ತೆರೆದಾಗ ಧ್ವನಿಯೇ ಬರದಿದ್ದರೆ...? ಹೇಳಿದರೆ ನಗುವಂಥ ಭಯ. ಆದರೆ ಹೇಳಲು ಯಾರಿದ್ದರು? ಗಂಡ ಪ್ರಸಾದ್ ಕಕ್ಕಬೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಹಣ್ಣಿನ ಪಿಕ್ಕಿಂಗ್ ಮುಗಿಯುವ ತನಕ ಶನಿವಾರಸಂತೆಯ ಈ ಮನೆಗೆ ಅವನು ಬರುವುದು ಫೋನಿನಲ್ಲಷ್ಟೇ.

"ಅಮೃತಾ! ಎಲ್ಲಿ ಸತ್ತೋದೆ? ಬಾರೇ ಇಲ್ಲಿ!"

ಅತ್ತೆ ಕಾಂತಮ್ಮನ ಕೂಗಿಗೆ ಡೈರಿ ಕೈಜಾರಿತು. ನಡುಮನೆಯ ಮಂಚದ ಮೇಲೆ ಅತ್ತಿಗೆ, ಪ್ರಸಾದನ ಅಕ್ಕ ಕುಸುಮಾ ಮಲಗಿದ್ದಳು. ತೊಡೆಯ ಬ್ಯಾಂಡೇಜು ಬಿಚ್ಚಿತ್ತು. ಹೊಲಿಗೆಯ ಸುತ್ತ ನೀರುಗುಳ್ಳೆಗಳು... ಕೆಂಪಗೆ, ಒಂದರ ಪಕ್ಕ ಒಂದು!

"ನೋಡವ್ವ, ದೊಡ್ಡ ಓದಿನೋಳೇ! ನೀನು ಒಪ್ಕೊಂಡು ಹಾಕ್ಸಿದ್ಯಲ್ಲ ಆ ಹಾಳೆ, ಅದೇ ನನ್ ಮಗಳನ್ನ ಒಳಗಿಂದ ಬೇಯಿಸ್ತಾ ಐತೆ!"

"ಅಮ್ಮಾ, ಅವಳನ್ಯಾಕೆ ಬೈತೀಯ?" ಕುಸುಮಾ ನರಳಿದಳು.

ಎರಡು ತಿಂಗಳ ಹಿಂದೆ ಕುಸುಮಾಳ ತೊಡೆಯಿಂದ ಕ್ಯಾನ್ಸರ್ ಗಡ್ಡೆ ತೆಗೆದಿದ್ದರು. ಆ ಗುಳಿಯಲ್ಲಿ ಮೈಸೂರಿನ ಡಾಕ್ಟರು ರೇಷ್ಮೆಯ ಸತ್ವದಿಂದ ಮಾಡಿದ, ವೀಳ್ಯದೆಲೆಯಷ್ಟು ತೆಳುವಾದ ಹಾಳೆ ಇಟ್ಟಿದ್ದರು. ವಾರಕ್ಕೊಮ್ಮೆ ಯಂತ್ರದಿಂದ ಹದವಾಗಿ ಬಿಸಿ ಕೊಟ್ಟರೆ ಹಾಳೆ ಅದನ್ನು ಮೂಲೆಮೂಲೆಗೂ ಸಮನಾಗಿ ಹರಡಿ, ಅಳಿದುಳಿದ ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತದೆ. ಆಮೇಲೆ ಅದನ್ನೇ ಚಪ್ಪರ ಮಾಡಿಕೊಂಡು ಹೊಸ ಮಾಂಸ ಹಬ್ಬುತ್ತದೆ, ಹಾಳೆ ಕರಗಿಹೋಗುತ್ತದೆ. ಇನ್ನೂ ಪ್ರಯೋಗದಲ್ಲಿರುವ ಚಿಕಿತ್ಸೆ. ಇದು ಕೈಕೊಟ್ಟರೆ ಕಾಲನ್ನೇ ತೆಗೆಯಬೇಕು. ಬಯೋಕೆಮಿಸ್ಟ್ರಿ ಓದಿದ್ದ ಅಮೃತಾಳೇ ಕಾಗದಪತ್ರ ಓದಿ ಮನೆಯವರನ್ನು ಒಪ್ಪಿಸಿದ್ದಳು.

"ಹೊರಗಿನ ಬಿಸಿ ಸೋಕಿಸ್ಬೇಡಿ. ಆ ಜಾಗಕ್ಕೆ ಸ್ಪರ್ಶ ಇಲ್ಲ, ಸುಟ್ಟರೂ ಅವರಿಗೆ ಗೊತ್ತಾಗಲ್ಲ," ಎಂದು ಡಾಕ್ಟರ್ ಪ್ರಜ್ಞೇಶ್ ಅವಳೊಬ್ಬಳಿಗೇ ಹೇಳಿದ್ದರು. ಮನೆಗೆ ಬಂದು ಅವಳು ಶುರುಮಾಡಿದ್ದಳು: "ಬಿಸಿ ಕೊಟ್ರೆ ರೋಗ ಸಾಯುತ್ತಂತೆ ಅತ್ತೆ, ಆದರೆ..."

"ಸಾಕು, ಒಲೆ ಮೇಲೆ ಸಾರು ಉಕ್ತಾ ಐತೆ ನೋಡು."

ಆ 'ಆದರೆ' ಡೈರಿಯಲ್ಲೇ ಉಳಿಯಿತು. ಕುಸುಮಾ ಅಂದು ನಕ್ಕಿದ್ದಳು: "ನೀನು ಒಂದೇ ಒಂದ್ಸಲ ನಮ್ಮಮ್ಮನ ಎದುರು ಪೂರ್ತಿ ಮಾತಾಡು ಮಾರಾಯ್ತಿ, ಈ ಕಾಲಲ್ಲೇ ಎದ್ದು ಕುಣೀತೀನಿ!"

ಮೂರು ದಿನದ ಹಿಂದೆ, ಮಧ್ಯಾಹ್ನ. ಅಂಗಳದ ಕಾಫಿಬೀಜ ತಿರುವಿ ಒಳಬಂದ ಅಮೃತಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮಗಳ ಎರಡೂ ಬಾಣಂತನದಲ್ಲಿ ಸೊಂಟಕ್ಕೆ ಕೊಟ್ಟಿದ್ದ ಹಾಗೇ, ಕಾಂತಮ್ಮ ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, ಆ ತೊಡೆಗೆ ಒತ್ತಿ ಒತ್ತಿ ಶಾಖ ಕೊಡುತ್ತಿದ್ದಳು. ಅತ್ತೆಯ ಕಣ್ಣು ಮುಚ್ಚಿತ್ತು, ಕೆನ್ನೆ ಒದ್ದೆಯಾಗಿತ್ತು. "ಹೋಗು... ನನ್ ಕೂಸನ್ನ ಬಿಟ್ಟು ಹೋಗು..." ಎಂದು ಆ ರೋಗಕ್ಕೇ ಹೇಳುತ್ತಿದ್ದಳು. ಅಮೃತಾ ಬಾಯಿ ತೆರೆದಳು. ಧ್ವನಿ ಬರಲಿಲ್ಲ. ಕೋಣೆಗೆ ಹೋಗಿ ಅದನ್ನೂ ಬರೆದಿಟ್ಟಳು...

ಗುಳ್ಳೆ ಕಂಡ ದಿನವೇ ಸಂಜೆ, ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಅವನ್ನು ಒಂದೊಂದಾಗಿ ಪರೀಕ್ಷಿಸಿದರು.

"ಹಾಳೆಯೇ ಹೀಗೆ ಮಾಡಿದ್ರೆ ಅದನ್ನ ತೆಗೀಲೇಬೇಕು. ಮನೇಲಿ ಯಾರಾದ್ರೂ ಶಾಖ ಕೊಟ್ಟಿದ್ರಾ?"

ಕಾಂತಮ್ಮನ ಮುಖ ಬೂದಿಯಾಯಿತು. ಆ ಪ್ರಶ್ನೆ ಏಕೆಂದು ಆಗಷ್ಟೇ ಅವಳಿಗೆ ಹೊಳೆದಿರಬೇಕು. ಅಂಗೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಇಲ್ಲಪ್ಪ... ನಮ್ಮನೇಲಿ ಯಾರೂ ಏನೂ ಮಾಡಿಲ್ಲ."

ಕುಸುಮಾ ತಾಯಿಯನ್ನು ನೋಡಿದಳು. ಕಾಲು ಹೋದರೂ ಸರಿ, ಹೆತ್ತವಳ ತಲೆ ತಗ್ಗಬಾರದು ಎಂಬಂತೆ ಗೋಡೆಯ ಕಡೆ ಹೊರಳಿದಳು. ಅಯ್ಯೋ! ಇಬ್ಬರೂ ಒಬ್ಬರನ್ನೊಬ್ಬರು ಹೀಗೆ ಕಾಯುತ್ತ ಕೂತರೆ...

"ಹಾಗಾದ್ರೆ ನಾಳೆ ಹಾಳೆ ತೆಗೆಯೋಣ," ಎಂದು ಡಾಕ್ಟರು ಪೆನ್ನು ಎತ್ತಿಕೊಂಡರು.

"ಸಾರ್..."

ಎಲ್ಲರೂ ತಿರುಗಿದರು. ಆ ಒಡಕು ಧ್ವನಿ ತನ್ನದೇ ಎಂದು ಅಮೃತಾಳಿಗೇ ತಡವಾಗಿ ತಿಳಿಯಿತು.

"ನೀನು ಸುಮ್ನಿರು," ಎಂದಳು ಕಾಂತಮ್ಮ. ಗದರಿಕೆಯಲ್ಲ ಅದು, ಬೇಡಿಕೆ.

ಅಮೃತಾ ಅತ್ತೆಯ ಸೆರಗಿನೊಳಗೆ ಕೈ ಹಾಕಿ, ಬೊಬ್ಬೆ ಎದ್ದಿದ್ದ ಆ ಅಂಗೈಯನ್ನು ಹಿಡಿದುಕೊಂಡಳು. ಮದುವೆಯಾಗಿ ಎರಡು ವರ್ಷಕ್ಕೆ ಮೊದಲ ಸಲ.

"ಹಾಳೆಯದ್ದಲ್ಲ ಸಾರ್ ತಪ್ಪು. ಉಪ್ಪಿನ ಶಾಖ ಕೊಟ್ಟಿದ್ದಕ್ಕೆ ಹೀಗಾಯ್ತು. ಕೊಡಬಾರದು ಅಂತ ಅತ್ತೆಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ... ಕಣ್ಣಾರೆ ನೋಡಿದೆ, ಹೆದರಿ ಸುಮ್ಮನಿದ್ದೆ."